ಸುಳ್ಳು ಹೇಳುವ ಮುಳ್ಳು

ಹತ್ತಿಪ್ಪತ್ತು ವರ್ಷ ಓಡಿದ ಲಾರಿಯಲ್ಲಿ ಡ್ರೈವರುಗಳು ಸುತರಾಂ ನಂಬದ ಮೀಟರ್ ಒಂದಿದ್ದರೆ ಅದು ಡೀಸೆಲ್ಲಿನದು. ಗಾಜಿನ ಮೇಲೆ ಬೆರಳಿನಿಂದ ಎರಡು ಸಲ ಕುಟ್ಟಿ ನೋಡುತ್ತಾರೆ. ಮುಳ್ಳು ಅಲ್ಲಾಡದಿದ್ದರೆ "ಏ, ಕಡ್ಡಿ ಬಿಟ್ಟು ನೋಡೋ" ಎಂದು ಕ್ಲೀನರನ್ನು ಕೆಳಗಿಳಿಸುತ್ತಾರೆ. ಕಡ್ಡಿ ಎಲ್ಲಿಯವರೆಗೆ ಒದ್ದೆಯಾಯಿತೋ ಅಲ್ಲಿಯವರೆಗೆ ಡೀಸೆಲ್. ಕಡ್ಡಿ ಡೀಸೆಲನ್ನು ನೇರವಾಗಿ ಮುಟ್ಟುತ್ತದೆ. ಮುಳ್ಳಿಗೆ ಆ ಭಾಗ್ಯವಿಲ್ಲ. ಒಂದು ತಂತಿಯಲ್ಲಿ ಎಷ್ಟು ಕರೆಂಟ್ ಹರಿಯುತ್ತಿದೆ ಎಂಬುದಷ್ಟೇ ಅದಕ್ಕೆ ಗೊತ್ತು. ಆ ಕರೆಂಟನ್ನು ಬದಲಿಸಿದ್ದು ಡೀಸೆಲ್ಲೋ ತುಕ್ಕೋ ಎಂಬುದು ಅದಕ್ಕೆ ತಿಳಿಯದು. ಇವೆರಡನ್ನು ಬೇರ್ಪಡಿಸಿದರೆ ರಿಪೇರಿಯ ಮುಕ್ಕಾಲು ಕೆಲಸ ಮುಗಿಯಿತು.

ಇಷ್ಟು ತಲೆಕೆಡಿಸಿಕೊಳ್ಳಲು ಕಾರಣವಿದೆ. ಹಳೆಯ ಡೀಸೆಲ್ ಗಾಡಿ ಖಾಲಿಯಾಗಿ ನಿಂತರೆ ಐದು ಲೀಟರ್ ಸುರಿದು ಹೊರಟುಬಿಡುವ ಹಾಗಿಲ್ಲ. ಪೈಪು, ಫಿಲ್ಟರು, ಪಂಪುಗಳಲ್ಲೆಲ್ಲ ಏರ್ ಹಿಡಿದಿರುತ್ತದೆ. ಗಾಳಿ ಅದುಮಿದರೆ ಕುಗ್ಗುತ್ತದೆ, ಹಾಗಾಗಿ ಪಂಪು ಎಷ್ಟು ಒತ್ತಿದರೂ ಇಂಜೆಕ್ಟರ್ ತೆರೆಯುವಷ್ಟು ಒತ್ತಡ ಏಳುವುದಿಲ್ಲ. ಫಿಲ್ಟರಿನ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ನೊರೆ ನಿಂತು ಬರಿಯ ಡೀಸೆಲ್ ಹರಿಯುವತನಕ ಕೈಪಂಪು ಒತ್ತುತ್ತಿರಬೇಕು. ನಮ್ಮ ಎಷ್ಟೋ ಹಳೆಯ ಲಾರಿಗಳ ಇಂಜೆಕ್ಷನ್ ಪಂಪು ಬೆಂಗಳೂರಿನ ಮೈಕೋದ್ದು. 1951ರಲ್ಲಿ ಶುರುವಾದ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಪಂಪು ಎಷ್ಟೇ ಗಟ್ಟಿಯಾಗಿದ್ದರೂ ಶಿರಾಡಿ ಘಾಟಿಯ ತಿರುವಿನಲ್ಲಿ, ಮಳೆಯಲ್ಲಿ, ಟಾರ್ಚ್ ಹಿಡಿದು ಏರ್ ತೆಗೆಯುವ ಕೆಲಸ ಯಾರಿಗೂ ಬೇಡ.

ಟ್ಯಾಂಕಿನ ನೆತ್ತಿಯಲ್ಲಿ ನಾಲ್ಕೈದು ಸ್ಕ್ರೂ ಹಾಕಿ ಕೂರಿಸಿದ ತಟ್ಟೆ ಇರುತ್ತದೆ. ಅದಕ್ಕೆ ಟ್ಯಾಂಕ್ ಯೂನಿಟ್ ಎನ್ನುತ್ತಾರೆ. ಅದರಿಂದ ಒಳಕ್ಕೆ ಒಂದು ಕಂಬಿ, ಕಂಬಿಯ ತುದಿಯಲ್ಲಿ ತೇಲುವ ಫ್ಲೋಟ್. ಡೀಸೆಲ್ ಏರಿಳಿದಂತೆ ಕಂಬಿ ಏರಿಳಿಯುತ್ತದೆ. ಆಗ ಅದರ ಬುಡದಲ್ಲಿರುವ ಸಣ್ಣ ಲೋಹದ ನಾಲಗೆ, ಒತ್ತೊತ್ತಾಗಿ ಸುತ್ತಿದ ತಂತಿಯ ಮೇಲೆ ಜಾರುತ್ತದೆ. ನಾಲಗೆ ಎಲ್ಲಿ ನಿಂತಿದೆ ಎಂಬುದರ ಮೇಲೆ ಕರೆಂಟಿಗೆ ಸಿಗುವ ರೋಧ ಹೆಚ್ಚುಕಡಿಮೆಯಾಗುತ್ತದೆ. ಹಳೆಯ ರೇಡಿಯೊದ ವಾಲ್ಯೂಮ್ ಗುಂಡಿಯೊಳಗೂ ಇದೇ ಏರ್ಪಾಡು. ಅಲ್ಲಿ ತಿರುಗಿಸುವುದು ಕೈ, ಇಲ್ಲಿ ಡೀಸೆಲ್.

ಡ್ಯಾಶ್‌ಬೋರ್ಡಿನ ಗೇಜಿನಲ್ಲಿ ಎರಡು ಜಾತಿ. ಒಂದರಲ್ಲಿ ಎರಡು ಲೋಹಗಳನ್ನು ಬೆಸೆದ ಪಟ್ಟಿಯ ಮೇಲೆ ಹೀಟರ್ ತಂತಿ ಸುತ್ತಿರುತ್ತದೆ. ಕರೆಂಟ್ ಹರಿದಷ್ಟೂ ಪಟ್ಟಿ ಕಾದು ಬಾಗಿ ಮುಳ್ಳನ್ನು ಫುಲ್ ಕಡೆ ತಳ್ಳುತ್ತದೆ. ಕೀ ತಿರುಗಿಸಿದ ಮೇಲೆ ಮುಳ್ಳು ಸಾವಕಾಶವಾಗಿ ಮೇಲೇಳುತ್ತಿದ್ದರೆ ಇದೇ ಜಾತಿ. ಗುಂಡಿಬಿದ್ದ ರಸ್ತೆಯಲ್ಲಿ ಡೀಸೆಲ್ ಎಷ್ಟು ಕುಲುಕಾಡಿದರೂ ಮುಳ್ಳು ಕುಣಿಯುವುದಿಲ್ಲ ಎಂಬುದು ಈ ನಿಧಾನದ ಲಾಭ. ಆದರೆ ಬ್ಯಾಟರಿಯ ವೋಲ್ಟೇಜ್ ಏರಿದರೆ ಶಾಖವೂ ಏರುತ್ತದೆ. ಅದಕ್ಕಾಗಿ ಇಂಥ ಗೇಜಿನ ಹಿಂದೆ ಚಿಕ್ಕದೊಂದು ವೋಲ್ಟೇಜ್ ಸ್ಟೆಬಿಲೈಸರ್ ಇರುತ್ತದೆ. ಇಂಜಿನ್ ಬಿಸಿ ತೋರಿಸುವ ಮೀಟರಿಗೂ ಸಾಮಾನ್ಯವಾಗಿ ಅದೇ. ಎರಡು ಮುಳ್ಳುಗಳೂ ಒಟ್ಟಿಗೆ ಹಾದಿ ತಪ್ಪಿದ್ದರೆ ಟ್ಯಾಂಕಿನ ತಂಟೆಗೆ ಹೋಗದೆ ಮೊದಲು ಅದನ್ನು ನೋಡಬೇಕು.

ಇನ್ನೊಂದು ಜಾತಿಯಲ್ಲಿ ಎರಡು ಕಾಯಿಲ್‌ಗಳು ಅಯಸ್ಕಾಂತಗಳಾಗಿ ಮುಳ್ಳನ್ನು ಎರಡು ಕಡೆ ಎಳೆಯುತ್ತವೆ. ಇಲ್ಲಿ ವೋಲ್ಟೇಜ್ ಏರಿದರೆ ಎರಡರ ಎಳೆತವೂ ಒಂದೇ ಪ್ರಮಾಣದಲ್ಲಿ ಏರುವುದರಿಂದ ಮುಳ್ಳು ಕದಲುವುದಿಲ್ಲ. ಜಾಣ ವಿನ್ಯಾಸ, ಆದರೆ ಒಂದು ಕೊಂಕಿದೆ. ಅಮೆರಿಕದ ಜನರಲ್ ಮೋಟಾರ್ಸ್ ಪಿಕಪ್ ಟ್ರಕ್ಕುಗಳಲ್ಲಿ ದಶಕಗಳ ಕಾಲ ಖಾಲಿ ಟ್ಯಾಂಕಿಗೆ 0 ಓಮ್, ತುಂಬಿದ ಟ್ಯಾಂಕಿಗೆ 90 ಓಮ್ ಇತ್ತು. ಟ್ಯಾಂಕಿನ ವೈರ್ ತುಂಡಾದರೆ ರೋಧ ಅನಂತ, ಮುಳ್ಳು ಫುಲ್ ದಾಟಿ ಹೋಗಿ ನಿಲ್ಲುತ್ತದೆ. ಹಳೆಯ ಫೋರ್ಡ್‌ಗಳಲ್ಲಿ ತಿರುಗುಮುರುಗು: ಖಾಲಿಗೆ 73, ತುಂಬಿದ್ದಕ್ಕೆ 10. ಅಲ್ಲಿ ವೈರ್ ಹರಿದರೆ ಮುಳ್ಳು ಖಾಲಿಗೆ ಬೀಳುತ್ತದೆ. ಕೆಟ್ಟಾಗ ಖಾಲಿ ಎಂದು ಹೆದರಿಸುವ ಗೇಜ್, ಕೆಟ್ಟಾಗಲೂ ತುಂಬಿದೆ ಎಂದು ಪುಸಲಾಯಿಸುವ ಗೇಜಿಗಿಂತ ಎಷ್ಟೋ ಮೇಲು ಎಂಬುದು ನನ್ನ ಪಕ್ಷಪಾತ. ಸ್ಪೇರ್ ಅಂಗಡಿಯಲ್ಲಿ "ಎಲ್ಲಕ್ಕೂ ಆಗುತ್ತೆ ಸಾರ್" ಎಂದು ಕೊಡುವ ಟ್ಯಾಂಕ್ ಯೂನಿಟ್ ಹಾಕಿದ ಮೇಲೆ ಡೀಸೆಲ್ ತುಂಬಿಸಿದಷ್ಟೂ ಮುಳ್ಳು ಇಳಿಯತೊಡಗಿದರೆ ಈ ತಿರುಗುಮುರುಗೇ ಕಾರಣ.

ಕೆಟ್ಟದ್ದು ಗೇಜೋ ಟ್ಯಾಂಕ್ ಯೂನಿಟ್ಟೋ? ಬಲ್ಲ ಆಟೊ ಎಲೆಕ್ಟ್ರಿಷಿಯನ್ ಡ್ಯಾಶ್‌ಬೋರ್ಡ್ ಬಿಚ್ಚುವುದಿಲ್ಲ, ಟ್ಯಾಂಕಿನ ಹತ್ತಿರ ಹೋಗುತ್ತಾನೆ. ಕೀ ಆನ್ ಮಾಡಿಸಿ ಟ್ಯಾಂಕ್ ಯೂನಿಟ್ಟಿನ ವೈರ್ ಕೀಳುತ್ತಾನೆ; ಮುಳ್ಳು ಒಂದು ತುದಿಗೆ ಹೋಗಬೇಕು. ಆ ವೈರನ್ನು ಚಾಸಿಯ ಬರಿಯ ಲೋಹಕ್ಕೆ ಮುಟ್ಟಿಸುತ್ತಾನೆ; ಇನ್ನೊಂದು ತುದಿಗೆ ಹೋಗಬೇಕು. ಹೋದರೆ ಗೇಜೂ ಸರಿ, ಅಲ್ಲಿಂದ ಇಲ್ಲಿಯವರೆಗಿನ ವೈರೂ ಸರಿ; ದೋಷ ಟ್ಯಾಂಕಿನ ಕಡೆಯದು. ಹೋಗದಿದ್ದರೆ ಟ್ಯಾಂಕಿನ ಸ್ಕ್ರೂ ಮುಟ್ಟುವ ಅಗತ್ಯವೇ ಇಲ್ಲ. ಕಾಯಿಸುವ ಜಾತಿಯ ಗೇಜಾದರೆ ಮುಳ್ಳು ಚಲಿಸಿದ್ದು ಕಂಡ ಕೂಡಲೇ ವೈರ್ ಬಿಡಿಸಬೇಕು, ತಡವಾದರೆ ಹೀಟರ್ ತಂತಿ ಸುಡಬಹುದು. ವೈರ್ ಮುಟ್ಟಿಸುವ ಜಾಗ ಟ್ಯಾಂಕಿನ ಬಾಯಿಂದ ದೂರವಿರಲಿ. ಪೆಟ್ರೋಲ್ ಗಾಡಿಯಾದರೆ ಈ ಆಟವೇ ಬೇಡ, ಮಲ್ಟಿಮೀಟರ್ ಸಾಕು.

ಟ್ಯಾಂಕಿನ ಕಡೆ ಎಂದಾಕ್ಷಣ ಯೂನಿಟ್ ಹೋಯಿತೆಂದು ಹೊಸದು ತರಿಸುವವರೇ ಹೆಚ್ಚು. ನಾನಾದರೆ ಮೊದಲು ಅರ್ತ್ ನೋಡಿಸುತ್ತೇನೆ. ಕರೆಂಟ್ ಯೂನಿಟ್ ದಾಟಿ ಟ್ಯಾಂಕಿಗೆ, ಅಲ್ಲಿಂದ ಚಾಸಿಗೆ, ಅಲ್ಲಿಂದ ಬ್ಯಾಟರಿಗೆ ಮರಳಬೇಕು. ಆದರೆ ಟ್ಯಾಂಕ್ ಕೂತಿರುವುದು ರಬ್ಬರ್ ಪಟ್ಟಿಯ ಮೇಲೆ, ಬ್ರಾಕೆಟ್ಟಿಗೆ ಎರಡು ಮೂರು ಪದರ ಬಣ್ಣ, ಯೂನಿಟ್ಟಿನ ಕೆಳಗೆ ಕಾರ್ಕ್ ಪ್ಯಾಕಿಂಗ್. ಯಾರೋ ಸೋರದಿರಲೆಂದು ಸ್ಕ್ರೂಗಳ ಮರೆಗೂ ಅಂಟು ಮೆತ್ತಿರುತ್ತಾರೆ. ಉಳಿದಿರುವ ಒಂದು ಅರ್ತ್ ವೈರಿನ ತುದಿ ಕೆಸರಿನಲ್ಲಿ ಹಸಿರುಗಟ್ಟಿದ್ದರೆ ಅಲ್ಲೇ 30 ಓಮ್ ಸೇರಿಕೊಳ್ಳುತ್ತದೆ. 0ರಿಂದ 90ರ ಲೆಕ್ಕದ ಗೇಜಿನಲ್ಲಿ ಅದು ಖಾಲಿ ಟ್ಯಾಂಕನ್ನು ಮೂರನೇ ಒಂದರಷ್ಟು ತುಂಬಿದಂತೆ ತೋರಿಸುತ್ತದೆ. ಯೂನಿಟ್ಟಿನ ತಟ್ಟೆಯಿಂದ ಬ್ಯಾಟರಿಯ ನೆಗೆಟಿವ್‌ಗೆ ಒಂದು ಉದ್ದನೆಯ ವೈರ್ ಹಿಡಿದಾಗ ಮುಳ್ಳು ಸರಿಹೋದರೆ ಸಾಕ್ಷಿ ಸಿಕ್ಕಂತೆ. ಎಮರಿ ಪೇಪರ್ ಹಾಕಿ ಉಜ್ಜಿ, ಹೊಸ ಲಗ್ ಹಾಕಿ ಬಿಗಿದರೆ ಮುಗಿಯಿತು.

ಅದೂ ಅಲ್ಲದಿದ್ದರೆ ಬ್ಯಾಟರಿ ಕಳಚಿ ಯೂನಿಟ್ ಹೊರತೆಗೆಯಬೇಕು. ಹಿತ್ತಾಳೆಯ ಫ್ಲೋಟ್ ಇದ್ದರೆ ಕಿವಿಯ ಬಳಿ ಕುಲುಕಿ. ಒಳಗೆ ಗುಳುಗುಳು ಎಂದರೆ ಸೂಜಿಮೊನೆಯಷ್ಟು ತೂತಿನಿಂದ ಡೀಸೆಲ್ ನುಗ್ಗಿ ಅದು ಮುಳುಗುತ್ತಿದೆ ಎಂದರ್ಥ. ಆಮೇಲೆ ಮಲ್ಟಿಮೀಟರ್ ಹಚ್ಚಿ ಕಂಬಿಯನ್ನು ಮೆಲ್ಲಗೆ ಕೆಳಗಿಂದ ಮೇಲಕ್ಕೆ ಎತ್ತಿ. ಓಮ್ ಒಂದೇ ಸಮನೆ ಬದಲಾಗಬೇಕು. ನಡುವೆ ಎಲ್ಲೋ ಅಂಕಿ ಹಾರಿ ಮಾಯವಾದರೆ ಅಲ್ಲಿ ತಂತಿ ಸವೆದಿದೆ. ಸದಾ ಅರೆ ಟ್ಯಾಂಕಿನಲ್ಲೇ ಓಡುವ ಗಾಡಿಗಳಲ್ಲಿ ಸವೆತ ಆ ನಡುಭಾಗದಲ್ಲೇ ಕಾಣುವುದು ಸಹಜ. ನಾಲಗೆ ಓಡಾಡಿದ್ದು ಅಲ್ಲೇ ತಾನೆ. 2004ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಸವೆತವೇ ಇಲ್ಲದೆ ಸಾಲುಸಾಲು ಗಾಡಿಗಳ ಗೇಜ್ ಕೆಟ್ಟವು. ಪೆಟ್ರೋಲಿನಲ್ಲಿ ಸೇರಿದ್ದ ಗಂಧಕ, ಟ್ಯಾಂಕ್ ಯೂನಿಟ್ಟಿನ ಬೆಳ್ಳಿಯ ಸಂಪರ್ಕಗಳನ್ನು ಹಾಳುಮಾಡಿತ್ತು. ಮನೆಯಲ್ಲಿ ಬೆಳ್ಳಿ ದೀಪ ಕಪ್ಪಾಗುವುದಕ್ಕೂ ಗಂಧಕವೇ ಕಾರಣ.

ಎಲ್ಲ ಸರಿಯಾದ ಮೇಲೂ ಉಳಿಯುವ ಜಗಳ ಒಂದಿದೆ, ಅದು ಮಾಲೀಕನಿಗೂ ಡ್ರೈವರಿಗೂ. "ಅರ್ಧದಿಂದ ಕಾಲಿಗೆ ಬರೋಕೆ ಎರಡು ದಿನ ಹಿಡೀತು, ಕಾಲರಿಂದ ಖಾಲಿಗೆ ಒಂದೂಕಾಲು ದಿನ ಸಾಕಾಯ್ತಲ್ಲ, ಡೀಸೆಲ್ ಎಲ್ಲಿಗೆ ಹೋಯ್ತಯ್ಯಾ?" ಮಲಗಿಸಿದ ಉರುಳೆಯಾಕಾರದ 200 ಲೀಟರ್ ಟ್ಯಾಂಕ್ ಎಂದುಕೊಳ್ಳಿ. ಮಟ್ಟ ಅರ್ಧ ಎತ್ತರದಲ್ಲಿದ್ದಾಗ 100 ಲೀಟರ್. ಕಾಲು ಎತ್ತರಕ್ಕೆ ಇಳಿದಾಗ ಉಳಿಯುವುದು 50 ಅಲ್ಲ, ಸುಮಾರು 39. ಉರುಳೆ ಕೆಳಗೆ ಕಿರಿದಾಗುತ್ತಾ ಹೋಗುತ್ತದಲ್ಲ. ಎಂದರೆ ಅರ್ಧದಿಂದ ಕಾಲಿಗೆ 61 ಲೀಟರ್ ಉರಿದಿದೆ, ಕಾಲರಿಂದ ತಳಕ್ಕೆ ಇರುವುದೇ 39. ಹತ್ತನೇ ಒಂದು ಎತ್ತರದಲ್ಲಿ ಹತ್ತೇ ಲೀಟರ್ ಚಿಲ್ಲರೆ, ಅದರಲ್ಲೂ ತಳದ ನೀರು, ಕೊಳೆ ಎಳೆಯದಿರಲೆಂದು ಹೀರುವ ಪೈಪನ್ನು ಸ್ವಲ್ಪ ಮೇಲೆಯೇ ನಿಲ್ಲಿಸಿರುತ್ತಾರೆ. ಗೇಜ್ ಎತ್ತರ ತೋರಿಸುತ್ತದೆ, ಮಾಲೀಕ ಲೀಟರ್ ಓದುತ್ತಾನೆ, ಬೈಗುಳ ಡ್ರೈವರಿಗೆ. ಬಂಕಿನಲ್ಲಿ ಖಾಲಿ ಟ್ಯಾಂಕಿಗೆ ಹತ್ತು ಹತ್ತು ಲೀಟರ್ ಹಾಕಿಸುತ್ತಾ ಪ್ರತಿ ಸಲ ಮುಳ್ಳು ನಿಂತ ಜಾಗ ಗುರುತಿಸಿ, ಆ ಚೀಟಿಯನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿಕೊಂಡರೆ ಈ ಜಗಳಕ್ಕೆ ಆಸ್ಪದವಿಲ್ಲ. ತುಂಬಿದಾಗಲೂ ಖಾಲಿಯಾದಾಗಲೂ ಮುಳ್ಳು ಒಂದೇ ಬದಿಗೆ ವಾಲಿದ್ದರೆ ಫ್ಲೋಟಿನ ಕಂಬಿಯನ್ನು ತುಸು ಬಾಗಿಸಿ ಸರಿಮಾಡಬಹುದು.

ಈಚಿನ ಎಷ್ಟೋ ಗಾಡಿಗಳಲ್ಲಿ ಜಾರುವ ನಾಲಗೆಯೇ ಇಲ್ಲ. ಫ್ಲೋಟಿನೊಳಗೆ ಅಯಸ್ಕಾಂತ, ಮುಚ್ಚಿದ ಕೊಳವೆಯೊಳಗೆ ಸಾಲಾಗಿ ಪುಟ್ಟ ರೀಡ್ ಸ್ವಿಚ್‌ಗಳು. ಫ್ಲೋಟ್ ಹಾದುಹೋದಂತೆ ಒಂದೊಂದಾಗಿ ಮುಚ್ಚಿ ತೆರೆಯುತ್ತವೆ. ಉಜ್ಜಾಟವಿಲ್ಲ, ಸವೆತವಿಲ್ಲ. ಆದರೆ ಒಂದು ಸ್ವಿಚ್ ಕೆಟ್ಟರೂ ಎಮರಿ ಪೇಪರಿಗೆ ಅಲ್ಲಿ ಕೆಲಸವಿಲ್ಲ, ಇಡೀ ಕೊಳವೆಯನ್ನೇ ಬದಲಿಸಬೇಕು.