ಭತ್ತದ ಹಳದಿ ರೋಗ: ತಪ್ಪು ದುಂಬಿಯದೊಂದೇ ಅಲ್ಲ

1966ರಲ್ಲಿ ಕೆನ್ಯಾ ದೇಶದ ಕಿಸುಮು ಪಟ್ಟಣದ ಹತ್ತಿರ, ವಿಕ್ಟೋರಿಯಾ ಸರೋವರದ ಆಸುಪಾಸಿನ ಗದ್ದೆಗಳಲ್ಲಿ ಭತ್ತ ಹಳದಿಗೆ ತಿರುಗಿತು. ಗೊಬ್ಬರ ಸಾಲದೆ ಬಂದ ಹಳದಿಯಲ್ಲ ಅದು. ಎಳೆ ಎಲೆಗಳ ಮೇಲೆ ಚುಕ್ಕೆಗಳು ಮೂಡಿ, ನರಗಳಗುಂಟ ಹಸಿರು-ಹಳದಿ ಗೆರೆಗಳಾಗಿ ಹಬ್ಬಿದವು. ಗಿಡ ಗಿಡ್ಡವಾಯಿತು. ತೆಂಡೆ ಸರಿಯಾಗಿ ಒಡೆಯಲಿಲ್ಲ, ತೆನೆ ಹೊಡೆಯಿಂದ ಪೂರ್ತಿ ಹೊರಗೆ ಬರಲಿಲ್ಲ, ಬಂದದ್ದರಲ್ಲೂ ಜೊಳ್ಳೇ ಹೆಚ್ಚು. ಇದರ ಹಿಂದಿನ ವೈರಸ್ಸನ್ನು ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿ ಬಕ್ಕರ್ 1970ರಲ್ಲಿ ವಿವರಿಸಿದರು. ರೈಸ್ ಯೆಲ್ಲೋ ಮಾಟಲ್ ವೈರಸ್ ಎಂಬುದು ಅದರ ಹೆಸರು.

ಮುಂದಿನ ಎರಡು ದಶಕಗಳಲ್ಲಿ ಸಿಯೆರಾ ಲಿಯೋನ್, ಐವರಿ ಕೋಸ್ಟ್, ನೈಜೀರಿಯಾ, ಮಾಲಿ, ನೈಜರ್ ಎಂದು ಒಂದೊಂದೇ ದೇಶದಿಂದ ಸುದ್ದಿ ಬಂತು. 1980ರ ದಶಕ ಮುಗಿಯುವಷ್ಟರಲ್ಲಿ ಸಮುದ್ರದಾಚೆಯ ಮಡಗಾಸ್ಕರ್ ದ್ವೀಪದಲ್ಲೂ ರೋಗ ಕಾಣಿಸಿಕೊಂಡಿತ್ತು. ಎಳೆಯ ಪೈರಿಗೇ ತಗುಲಿದರೆ ಕೆಲವು ಗದ್ದೆಗಳಲ್ಲಿ ಕೊಯ್ಯಲು ಏನೂ ಉಳಿಯುವುದಿಲ್ಲ.

ಭತ್ತದ ವೈರಸ್ ರೋಗವೆಂದರೆ ನಮ್ಮ ಕಡೆಯ ಕೃಷಿ ಅಧಿಕಾರಿಗಳಿಗೆ ಮೊದಲು ನೆನಪಾಗುವುದು ಟುಂಗ್ರೋ. ಅದನ್ನು ಹೊತ್ತು ತಿರುಗುವುದು ಹಸಿರು ಜಿಗಿಹುಳು. ಸೂಜಿಯಂಥ ಬಾಯಿಯನ್ನು ಎಲೆಯೊಳಗೆ ಚುಚ್ಚಿ ರಸ ಹೀರುವ ಕೀಟ ಅದು. ಗಿಡಗಳ ವೈರಸ್‌ಗಳಲ್ಲಿ ಬಹುಪಾಲು ಸಾಗುವುದು ಇಂಥ ರಸ ಹೀರುವ ಕೀಟಗಳ ಮೂಲಕವೇ. ಆಫ್ರಿಕಾದ ಈ ವೈರಸ್ ಹಿಡಿದ ದಾರಿ ಬೇರೆ. ಇದನ್ನು ಸಾಗಿಸುವುದು ಎಲೆಯನ್ನು ಕಚ್ಚಿ ಅಗಿಯುವ ದುಂಬಿಗಳು. ಮೈಮೇಲೆ ಮುಳ್ಳು ಹೊತ್ತ ಟ್ರೈಕಿಸ್ಪಾ ಅವುಗಳಲ್ಲೊಂದು. ನಮ್ಮ ರೈತರು ಬಲ್ಲ ಹಿಸ್ಪಾ ಹುಳುವಿನ ಹತ್ತಿರದ ಬಳಗ.

ದುಂಬಿ ಕಚ್ಚಿದಲ್ಲಿ ಎಲೆಯ ಜೀವಕೋಶಗಳು ಜಜ್ಜಿಹೋಗುತ್ತವೆ. ವೈರಸ್‌ಗೆ ಬೇಕಾದದ್ದು ಜೀವಂತ ಕೋಶ. ಹಾಗಿದ್ದರೆ ಇಷ್ಟು ಒರಟು ಬಾಯಿಯಿಂದ ರೋಗ ಅಂಟುವುದು ಹೇಗೆ?

ಉತ್ತರದ ಮುಖ್ಯ ಭಾಗ ಸಿಕ್ಕಿದ್ದು ಭತ್ತದಲ್ಲಲ್ಲ, ಹುರುಳಿಕಾಯಿ ಗಿಡದಲ್ಲಿ. ಎಲೆಯಡಿಕೆ ಅಗಿಯುವವರ ತುಟಿಯಂಚಿನಲ್ಲಿ ರಸ ಒಸರುವಂತೆ, ಎಲೆ ತಿನ್ನುವ ದುಂಬಿಯೂ ಹೊಟ್ಟೆಯಿಂದ ಬಂದ ರಸವನ್ನು ಗಾಯದ ಮೇಲೆ ಕಕ್ಕುತ್ತಾ ತಿನ್ನುತ್ತದೆ. ಅಮೆರಿಕದ ಅರ್ಕನ್ಸಾ ವಿಶ್ವವಿದ್ಯಾಲಯದ ಗೆರ್ಗೆರಿಚ್, ಸ್ಕಾಟ್ ಮತ್ತು ಫುಲ್ಟನ್ 1980ರ ದಶಕದಲ್ಲಿ ಈ ರಸವನ್ನೇ ಪರೀಕ್ಷೆಗೆ ಹಚ್ಚಿದರು. ರಸಕ್ಕೆ ವೈರಸ್ ಬೆರೆಸಿ, ಗಾಜಿನ ಕೊಳವೆಯ ಅಂಚನ್ನು ಅದರಲ್ಲಿ ಅದ್ದಿ, ಎಲೆಯನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿದರು. ದುಂಬಿಯ ಕಡಿತದ ನಕಲು ಅದು. ಹೊಲದಲ್ಲಿ ದುಂಬಿಯಿಂದ ಹರಡುವ ವೈರಸ್‌ಗಳು ಇಲ್ಲೂ ಗಿಡಕ್ಕೆ ಅಂಟಿದವು. ತಂಬಾಕಿನ ಮೊಸಾಯಿಕ್ ವೈರಸ್‌ನಂಥವು ಅಂಟಲಿಲ್ಲ.

ಕಾರಣ, ರಸದಲ್ಲಿರುವ ರೈಬೋನ್ಯೂಕ್ಲಿಯೇಸ್ ಎಂಬ ಕಿಣ್ವ. ಗಾಯದ ಜಾಗದಲ್ಲಿ ಸೋಂಕು ಬೇರೂರದಂತೆ ಅದು ತಡೆಯುತ್ತದೆ. ದುಂಬಿಯನ್ನು ನೆಚ್ಚಿದ ವೈರಸ್‌ಗಳು ಅಲ್ಲಿ ನಿಲ್ಲುವುದೇ ಇಲ್ಲ. ನೀರು ಸಾಗಿಸುವ ನಾಳಗಳೊಳಗೆ ಸೇರಿ, ಗಾಯದಿಂದ ದೂರ ಹೋಗಿ, ಪೆಟ್ಟು ಬೀಳದ ಕೋಶಗಳಲ್ಲಿ ನೆಲೆಯೂರುತ್ತವೆ. ಅಂದರೆ ಯಾವ ವೈರಸ್ ಸವಾರಿ ಮಾಡಬಹುದು ಎಂಬುದು ದುಂಬಿಯ ಬಾಯಲ್ಲಿ ತೀರ್ಮಾನವಾಗುವುದಲ್ಲ. ಇಳಿದ ಮೇಲೆ ಯಾರು ಬದುಕುತ್ತಾರೆ ಎಂಬುದೇ ಅದನ್ನು ತೀರ್ಮಾನಿಸುತ್ತದೆ. ದುಂಬಿಯ ದೇಹದಲ್ಲಿ ಈ ವೈರಸ್ ವೃದ್ಧಿಯಾಗುವುದೂ ಇಲ್ಲ.

ಭತ್ತದ ಈ ವೈರಸ್ ತೀರಾ ಚಿಕ್ಕದು. ಕೊರೋನಾ ವೈರಸ್‌ನ ಆರ್‌ಎನ್‌ಎ ಸುಮಾರು 30,000 ಅಕ್ಷರಗಳಷ್ಟು ಉದ್ದವಿದ್ದರೆ ಇದರದ್ದು ಸುಮಾರು 4,450 ಮಾತ್ರ. ಆದರೆ ಕವಚ ಗಟ್ಟಿ, ರೋಗ ಬಂದ ಎಲೆಯಲ್ಲಿ ಅದರ ಸಂಖ್ಯೆಯೂ ವಿಪರೀತ. ಆದ್ದರಿಂದ ಅದಕ್ಕೆ ದುಂಬಿಯೇ ಆಗಬೇಕೆಂದಿಲ್ಲ. ಸಸಿಮಡಿಯಲ್ಲಿ ಪೈರು ಕೀಳುವ ಕೈ, ಕೊಯ್ಯುವ ಕುಡುಗೋಲು, ಗಾಳಿಗೆ ಒಂದಕ್ಕೊಂದು ಉಜ್ಜುವ ಎಲೆಗಳು, ಎಲ್ಲವೂ ವಾಹನವೇ. ಮಾಲಿ ದೇಶದಲ್ಲಿ ಮೇಯುವ ಹಸು, ಕತ್ತೆ, ಗದ್ದೆಯ ಇಲಿಗಳೂ ರೋಗ ದಾಟಿಸಬಲ್ಲವು ಎಂದು ಸಾರಾ ಮತ್ತು ಪೀಟರ್ಸ್ 2003ರಲ್ಲಿ ತೋರಿಸಿದರು. ಸಮಾಧಾನದ ಸಂಗತಿ ಒಂದೇ: ಬೀಜದಿಂದ ಇದು ಮುಂದಿನ ಪೈರಿಗೆ ಇಳಿಯುವುದಿಲ್ಲ.

ವೈರಸ್‌ನ ವಂಶಾವಳಿಯನ್ನು ಹಿಂದಕ್ಕೆ ಲೆಕ್ಕ ಹಾಕಿದ ಸಂಶೋಧಕರು ಅದರ ಮೂಲವನ್ನು ಟಾಂಜಾನಿಯದ ಪೂರ್ವಭಾಗದಲ್ಲಿ ಗುರುತಿಸುತ್ತಾರೆ; ಕಾಲ ಸುಮಾರು 19ನೇ ಶತಮಾನದ ಮಧ್ಯಭಾಗ. ಕಾಡುಭತ್ತ, ಹುಲ್ಲುಗಳ ನಡುವೆ ಸದ್ದಿಲ್ಲದೆ ಇದ್ದದ್ದು ಬೇಸಾಯ ವಿಸ್ತರಿಸಿದಂತೆ ಗದ್ದೆಗೆ ಇಳಿಯಿತು. ನಂತರ ಕಾಲುವೆ ನೀರು ಬಂತು, ವರ್ಷಕ್ಕೆ ಎರಡು ಬೆಳೆ ಬಂತು, ಏಷ್ಯಾ ಮೂಲದ ಹೆಚ್ಚು ಇಳುವರಿಯ ತಳಿಗಳು ಬಂದವು. ಅವುಗಳಲ್ಲಿ ಹೆಚ್ಚಿನವಕ್ಕೆ ಈ ರೋಗದೆದುರು ನಿಲ್ಲುವ ಶಕ್ತಿಯೇ ಇರಲಿಲ್ಲ. ಒಂದು ಬೆಳೆಯ ಕೂಳೆ ಒಣಗುವ ಮೊದಲೇ ಇನ್ನೊಂದರ ಸಸಿಮಡಿ ಸಿದ್ಧವಾದರೆ ವೈರಸ್‌ಗೆ ಹಸಿವೆಂಬುದೇ ಇಲ್ಲ. ದುಂಬಿಯ ಮೇಲೆ ಹೊರಿಸಿದ ಅಪರಾಧದಲ್ಲಿ ಅರ್ಧವಾದರೂ ಈ ಬೇಸಾಯ ಪದ್ಧತಿಯದು.

ಪರಿಹಾರದ ಹುಡುಕಾಟ ಮೊಜಾಂಬಿಕ್‌ನ ಜಿಗಾಂಟೆ ಎಂಬ ತಳಿಯ ಕಡೆಗೂ, ನೈಜರ್ ನದಿ ಬಯಲಲ್ಲಿ ಸಾವಿರಾರು ವರ್ಷಗಳಿಂದ ಬೆಳೆಯುತ್ತಿರುವ ಆಫ್ರಿಕಾದ ಸ್ವಂತ ಭತ್ತದ ಕಡೆಗೂ ಹೊರಳಿತು. ವೈರಸ್ ತನ್ನ ಸಂತಾನ ಬೆಳೆಸಲು ಭತ್ತದ ಒಂದು ಪ್ರೋಟೀನಿಗೆ ಅಂಟಿಕೊಳ್ಳಲೇಬೇಕು. ಜಿಗಾಂಟೆಯ ಆ ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿದೆ, ಹಿಡಿತ ತಪ್ಪುತ್ತದೆ ಎಂಬುದು 2006ರ ಹೊತ್ತಿಗೆ ಸ್ಪಷ್ಟವಾಯಿತು. ವೈರಸ್ಸೂ ಸುಮ್ಮನಿರಲಿಲ್ಲ. ತನ್ನಲ್ಲೂ ಒಂದೆರಡು ಬದಲಾವಣೆ ಮಾಡಿಕೊಂಡು ಜಿಗಾಂಟೆಯನ್ನೂ ಬಗ್ಗಿಸಬಲ್ಲ ರೂಪಗಳು ಹುಟ್ಟಿದವು.

ಹಾಗಾಗಿ ಒಂದೇ ನಿರೋಧಕ ಜೀನ್ ನಂಬಿ ಬೀಜ ಹಂಚುವುದು ಜಾಣತನವಲ್ಲ. ಬೇರೆಬೇರೆ ಜೀನ್‌ಗಳನ್ನು ಒಂದೇ ತಳಿಗೆ ಸೇರಿಸುವುದು, ರೋಗ ಕಂಡ ಸಸಿಮಡಿಯನ್ನು ಬಿಡುವುದು, ಕೂಳೆಯನ್ನು ಉತ್ತು ಹಾಕುವುದು, ಇವು ಒಟ್ಟಿಗೆ ನಡೆಯಬೇಕು. ದುಂಬಿಗೆ ಔಷಧಿ ಹೊಡೆಯುವುದೊಂದರಿಂದಲೇ ಕೈಗೂ ಕುಡುಗೋಲಿಗೂ ಅಂಟಿ ಸಾಗುವ ವೈರಸ್ ನಿಲ್ಲುವುದಿಲ್ಲ.