ಒಬ್ಬಳು ರಾಣಿ, ಎರಡು ಕಥೆ

ಅಕ್ಕಂದಿರೇ, ಶಾಂತಲೆಯ ಹೆಸರು ಕೇಳಿದ್ದೀರಾ? ಅವಳು ಹೊಯ್ಸಳ ದೊರೆ ವಿಷ್ಣುವರ್ಧನನ ಪಟ್ಟದ ರಾಣಿ.

ಕೆ.ವಿ. ಅಯ್ಯರ್ ಅವಳ ಮೇಲೆ 'ಶಾಂತಲಾ' ಎಂಬ ಕಾದಂಬರಿ ಬರೆದರು. ಅದರಲ್ಲಿ ರಾಣಿ ಶಿವಗಂಗೆ ಬೆಟ್ಟದಲ್ಲಿ ತಾನೇ ಪ್ರಾಣ ಬಿಡುತ್ತಾಳೆ. ಸಿ.ಕೆ. ನಾಗರಾಜರಾವ್ ಇದನ್ನು ಒಪ್ಪಲಿಲ್ಲ. ಅವರ 'ಪಟ್ಟಮಹಾದೇವಿ ಶಾಂತಲಾದೇವಿ' ಕಾದಂಬರಿಯ ರಾಣಿ ಹಾಗೆ ಸಾಯುವುದಿಲ್ಲ.

ನಮ್ಮ ಓದುವ ಗುಂಪಿನಲ್ಲಿ ಈ ಮಾತು ಬಂತು.

"ಗಂಡನಿಗಾಗಿ ಜೀವ ಕೊಟ್ಟಳು. ಅವಳೇ ದೊಡ್ಡವಳು" ಎಂದರು ಒಬ್ಬ ಅಜ್ಜಿ.

"ಸಾಯೋದು ದೊಡ್ಡತನವಾ ಅತ್ತೆ? ದೊರೆ ಏನು ಬಿಟ್ಟುಕೊಟ್ಟ?" ಎಂದಳು ಅವರ ಸೊಸೆ.

ನಿಜ ಏನು? ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಎಂದು ಶಾಸನ ಹೇಳುತ್ತದೆ. ಶ್ರವಣಬೆಳಗೊಳದಲ್ಲಿ ಅವಳು ಕಟ್ಟಿಸಿದ ಬಸದಿ ಇಂದಿಗೂ ಇದೆ. ಕಾದಂಬರಿಯಲ್ಲಿ ಅವಳು ಆಡುವ ಮಾತು, ಹಾಕುವ ಕಣ್ಣೀರು ಬರೆದವರ ಕಲ್ಪನೆ.

ಬರೆದದ್ದನ್ನೆಲ್ಲ ಹಾಗೇ ಒಪ್ಪಬೇಕಾಗಿಲ್ಲ. ಓದಿ, ಯೋಚಿಸಿ. ನೀವೇನಂತೀರಿ?