ಗಾಲಿಯ ಮೇಲಿನ ಬಾಣಂತನ

ಬಾಣಂತಿಗೆ ಬೆಚ್ಚಗಿನ ಕೋಣೆ ಬೇಕು, ಗಾಳಿ ತಾಗಬಾರದು, ಕಿವಿಗೆ ಹತ್ತಿ, ತಲೆಗೆ ಬಟ್ಟೆ ಇರಬೇಕು. ಇದನ್ನೆಲ್ಲ ನಮಗೆ ಯಾರೂ ಪುಸ್ತಕ ಓದಿ ಹೇಳಿಕೊಡಬೇಕಾಗಿಲ್ಲ. ಆದರೆ ಕೋಣೆಯೇ ಇಲ್ಲದಿದ್ದರೆ? ಮನೆಗೇ ಆರು ಗಾಲಿ ಇದ್ದರೆ? 2022ರ ನವೆಂಬರಿನಲ್ಲಿ ತಂಗಿಯ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದಾಗ ನನಗೆ ಬಂದ ಪಾಡು ಇದು. ಅಮ್ಮ ಇದ್ದಿದ್ದರೆ ಅಮ್ಮನೇ ಹೋಗುತ್ತಿದ್ದಳು.

ತಂಗಿ ಮತ್ತು ಅವಳ ಯಜಮಾನರು ಆಗ ಕೊಲರಾಡೊ ರಾಜ್ಯದ ಡೆನ್ವರ್ ಊರಿನ ಹೊರಗೆ ಮೋಟಾರ್ ಹೋಮಿನಲ್ಲಿ ಸಂಸಾರ ಹೂಡಿದ್ದರು. ನಮ್ಮ ಖಾಸಗಿ ಬಸ್ಸಿನಷ್ಟು ಉದ್ದದ ಗಾಡಿ. ಅದರಲ್ಲೇ ಅಡಿಗೆ ಕಟ್ಟೆ, ಮಂಚ, ಕಕ್ಕಸು, ನಿಂತರೆ ಮೊಣಕೈ ತಾಗುವ ಸ್ನಾನದ ಗೂಡು. ಮನೆ ಬಾಡಿಗೆ ಕಟ್ಟಿ ಕಟ್ಟಿ ಸೋತು, ಸಾಲ ತೀರುವ ತನಕ ಅಂತ ಕೊಂಡಿದ್ದಂತೆ. ಆ ದೇಶದಲ್ಲಿ ಹೀಗೆ ವರ್ಷವಿಡೀ ಗಾಡಿಯಲ್ಲೇ ಬದುಕುವವರು ಬಹಳ ಮಂದಿ. 2021ರಲ್ಲಿ ಆಸ್ಕರ್ ಪಡೆದ ‘ನೋಮ್ಯಾಡ್‌ಲ್ಯಾಂಡ್’ ಸಿನಿಮಾ ಇಂಥವರದೇ ಕಥೆ. ಅನುಕೂಲ ಇದ್ದವರು ಚಳಿ ಶುರುವಾಗುವ ಮೊದಲೇ ಗಾಡಿ ಹೊರಡಿಸಿಕೊಂಡು ದಕ್ಷಿಣಕ್ಕೆ, ಅರಿಜೋನಾದ ಮರುಭೂಮಿ ಕಡೆಗೆ ಹೋಗಿಬಿಡುತ್ತಾರೆ. ದಿನ ತುಂಬಿದ ಬಸುರಿ, ಗಂಡನ ಕೆಲಸ, ಗೊತ್ತುಮಾಡಿಕೊಂಡ ಆಸ್ಪತ್ರೆ, ಇಷ್ಟನ್ನು ಕಟ್ಟಿಕೊಂಡು ಇವರೆಲ್ಲಿ ಹೋಗುವುದು?

ನಾನು ಹೋದ ದಿನ ಮೊದಲು ಕಂಡದ್ದು ಗಾಡಿಗೆ ಉಡಿಸಿದ ಲಂಗ! ನಗಬೇಡಿ, ಅಲ್ಲಿ ಅದಕ್ಕೆ ಸ್ಕರ್ಟಿಂಗ್ ಅಂತಲೇ ಹೆಸರು. ಗಾಡಿಯ ನೆಲ ಭೂಮಿಗೆ ತಾಗುವುದಿಲ್ಲವಲ್ಲ, ಅಡಿಯಲ್ಲಿ ಹಾಯುವ ಗಾಳಿ ನೆಲವನ್ನೂ ನೀರಿನ ಕೊಳವೆಗಳನ್ನೂ ಹೆಪ್ಪುಗಟ್ಟಿಸುತ್ತದೆ. ಅದಕ್ಕೆ ಸುತ್ತಲೂ ದಪ್ಪ ಥರ್ಮೋಕೋಲಿನಂಥ ಹಲಗೆಗಳನ್ನು ನೆಲದವರೆಗೆ ಕಟ್ಟಿ ಅಂಟಿಸಿದ್ದರು. ಪಕ್ಕದ ಗಾಡಿಯ ಅಜ್ಜ ಒಣಹುಲ್ಲಿನ ಪಿಂಡಿ ಜೋಡಿಸಿಕೊಂಡಿದ್ದ. ಕಿಟಕಿಗಳಿಗೆ ಗುಳ್ಳೆಗುಳ್ಳೆಯ ಬೆಳ್ಳಿ ಬಣ್ಣದ ಹಾಳೆ, ಚಾವಣಿಯ ಗಾಳಿಕಿಂಡಿಗೆ ದಿಂಬು. ನೀರು ತರುವ ಪೈಪಿಗೆ ಕೂಡ ಕರೆಂಟಿನಿಂದ ಬಿಸಿಯಾಗುವ ತಂತಿ ಸುತ್ತಿತ್ತು. ರಾತ್ರಿ ಹೊತ್ತು ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆಗೆದಿಡಬೇಕು, ಒಳಗಿನ ಕೊಳವೆಗೂ ಸ್ವಲ್ಪ ಬಿಸಿ ತಾಗಲಿ ಅಂತ.

ಒಳಗೆ ಬೆಚ್ಚಗಿಡುವುದು ನೆಲದಡಿಯಿಂದ ಬಿಸಿಗಾಳಿ ಊದುವ ಗ್ಯಾಸಿನ ಫರ್ನೇಸು. ಅಲ್ಲಿ ಬಳಸುವುದು ಪ್ರೋಪೇನ್ ಗ್ಯಾಸು. ನಮ್ಮ ಸಿಲಿಂಡರಿನಲ್ಲಿ ಬ್ಯೂಟೇನೂ ಬೆರೆತಿರುತ್ತದೆ. ಅದು ಸೊನ್ನೆ ಡಿಗ್ರಿಯ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಪ್ರೋಪೇನು ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ಆವಿಯಾಗುತ್ತದೆ. ಇದರ ಜೊತೆಗೆ ಎರಡು ಕರೆಂಟಿನ ಹೀಟರು.

ಡಿಸೆಂಬರ್ ಮೊದಲ ವಾರ ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯ ನರ್ಸು ಹೇಳಿ ಕಳಿಸಿದ್ದು ಎರಡೇ ಮಾತು. ನಾವು ಹಾಕಿಕೊಂಡಿದ್ದಕ್ಕಿಂತ ಒಂದು ಪದರ ಹೆಚ್ಚಿಗೆ ಮಗುವಿಗೆ ಹಾಕಿ, ಮಲಗಿಸುವ ಜಾಗದಲ್ಲಿ ಮಾತ್ರ ಬಿಡಿ ಕಂಬಳಿ, ದಿಂಬು ಏನೂ ಬೇಡ. ಮುಖದ ಮೇಲೆ ಸರಿದರೆ ಉಸಿರು ಕಟ್ಟುತ್ತದೆ. ನಾನೋ ಊರಿಂದ ನಾಲ್ಕು ಕೌದಿ ಹೊತ್ತುಕೊಂಡು ಹೋದವಳು! ಕೊನೆಗೆ ಅವು ತಂಗಿಯ ಬೆನ್ನಿಗೆ, ನನ್ನ ಕಾಲಿಗೆ ಆದವು. ಮಗು ಚೀಲದಂಥ ಅಂಗಿಯಲ್ಲಿ ಹಾಯಾಗಿ ಮಲಗುತ್ತಿತ್ತು.

ಬೆಚ್ಚಗಿಡುವುದು ಒಂದು ಕಷ್ಟವಾದರೆ, ಒಳಗಿನ ತೇವ ಇನ್ನೊಂದು. ಒಂದು ದಿನ ತಂಗಿಗೆ ಅಂತ ಇಡ್ಲಿ ಬೇಯಿಸಿದೆ. ಕಿಟಕಿಯ ಗಾಜಿನ ಮೇಲೆಲ್ಲ ನೀರು ಇಳಿಯಿತು, ಬೆಳಗ್ಗೆ ನೋಡಿದರೆ ಗಾಜಿನ ಒಳಮೈಗೇ ಮಂಜುಗಡ್ಡೆ! ಹಾಸಿಗೆ ಎತ್ತಿ ನೋಡಿದರೆ ತಳ ಒದ್ದೆ, ಮೂಲೆಯಲ್ಲಿ ಕಪ್ಪು ಬೂಷ್ಟು. ಮೂರು ಜನರ ಉಸಿರು, ಅಡಿಗೆಯ ಹಬೆ, ಒಗೆದ ಮಗುವಿನ ಬಟ್ಟೆ ಎಲ್ಲ ಅಷ್ಟರೊಳಗೇ. ಗ್ಯಾಸು ಉರಿದರೂ ನೀರೇ ಆಗುತ್ತದಂತೆ. 1 ಕಿಲೋ ಪ್ರೋಪೇನು ಉರಿದರೆ ಒಂದೂವರೆ ಲೀಟರಿಗಿಂತ ಹೆಚ್ಚು ನೀರು ಆವಿಯಾಗಿ ಬರುತ್ತದೆ. ಫರ್ನೇಸಿನ ಹೊಗೆ, ಆವಿ ಕೊಳವೆಯಲ್ಲಿ ಹೊರಗೆ ಹೋಗುತ್ತದೆ, ಒಲೆಯದು ಒಳಗೇ ಉಳಿಯುತ್ತದೆ. ಆದ್ದರಿಂದ ಚಳಿಯಿದ್ದರೂ ಗಾಳಿಕಿಂಡಿಯನ್ನು ಒಂದು ಬೆರಳಷ್ಟು ತೆಗೆದೇ ಇಡಬೇಕು ಅಂತ ತಂಗಿಯ ಯಜಮಾನರು ದಿನಾ ಹೇಳುತ್ತಿದ್ದರು. ಅವರು ಆಫೀಸಿಗೆ ಹೋದ ಮೇಲೆ ನಾನು ದಿನಾ ಮುಚ್ಚುತ್ತಿದ್ದೆ. ಬಾಣಂತಿ ಇರುವ ಕಡೆ ಕಿಂಡಿ ತೆಗೆದಿಡುತ್ತಾರೆಯೇ, ನೀವೇ ಹೇಳಿ.

ಮೊದಲ ವಾರದಲ್ಲೇ ಕೇಳಿದ್ದೆ, “ಒಂದು ಅಗ್ಗಿಷ್ಟಿಕೆ ಸಿಕ್ಕೀತೇ? ಎರಡು ಕೆಂಡ ಹಾಕಿ ಸಾಂಬ್ರಾಣಿ ಹಿಡಿದರೆ ಆಯಿತು.” ಅವರು ಬೆಚ್ಚಿಬಿದ್ದರು. “ಅಕ್ಕಾ, ದಮ್ಮಯ್ಯ, ಇದರೊಳಗೆ ಕೆಂಡ ಮಾತ್ರ ಬೇಡಿ” ಅಂದರು. ನನಗೆ ಸ್ವಲ್ಪ ಬೇಜಾರೇ ಆಯಿತು.

ಡಿಸೆಂಬರ್ 21ರ ಸಂಜೆ. ಮಧ್ಯಾಹ್ನ ಬಿಸಿಲಿತ್ತು, ನಾನು ಹೊರಗೆ ಬಟ್ಟೆ ಕೊಡವಿ ಬಂದಿದ್ದೆ. ನಾಲ್ಕು ಗಂಟೆಯ ಮೇಲೆ ಬೀಸಿದ ಗಾಳಿಗೆ ಒಂದೇ ಗಂಟೆಯಲ್ಲಿ ಡೆನ್ವರಿನಲ್ಲಿ 20 ಡಿಗ್ರಿ ಸೆಲ್ಸಿಯಸ್ ಇಳಿದುಹೋಯಿತು. ಮರುದಿನ ಬೆಳಗ್ಗೆ ಸೊನ್ನೆಗಿಂತ 31 ಡಿಗ್ರಿ ಕೆಳಗೆ. ಫ್ರಿಜ್ಜಿನ ಐಸು ಮಾಡುವ ಪೆಟ್ಟಿಗೆ ಇದಕ್ಕಿಂತ ಬೆಚ್ಚಗಿರುತ್ತದೆ!

ರಾತ್ರಿ ಒಂದು ಗಂಟೆಗೆ ಮಗು ಎದ್ದಿತು. ತಂಗಿಗೆ ಕುಡಿಯಲು ಬಿಸಿನೀರು ಬೇಕೆಂದು ಕರೆಂಟಿನ ಕೆಟಲಿಗೆ ಸ್ವಿಚ್ ಹಾಕಿದೆ. ಗಾಡಿಗೆ ಬರುವುದು ಒಟ್ಟು 3,600 ವಾಟು. ಎರಡು ಹೀಟರೇ 3,000 ತಿನ್ನುತ್ತಿದ್ದವು. ಕೆಟಲು ಸೇರಿದ್ದೇ ತಡ, ಹೊರಗಿನ ಕಂಬದಲ್ಲಿ ಫ್ಯೂಸಿನ ಸ್ವಿಚ್ಚು ಬಿದ್ದಿದೆ. ದೀಪ ಮಾತ್ರ ಬ್ಯಾಟರಿಯದು, ಉರಿಯುತ್ತಲೇ ಇತ್ತು. ಹಾಗಾಗಿ ನನಗೇನೂ ಗೊತ್ತಾಗಲಿಲ್ಲ, ಕೆಟಲು ಕೆಟ್ಟಿದೆ ಅಂದುಕೊಂಡು ಒಲೆಯ ಮೇಲೆ ನೀರು ಕಾಯಿಸಿ ಕೊಟ್ಟು ಮಲಗಿದೆ. ಫರ್ನೇಸಿನ ಫ್ಯಾನೂ ಅದೇ ಹಳೇ ಬ್ಯಾಟರಿಯ ಮೇಲೆ ಒಂದಷ್ಟು ಹೊತ್ತು ತಿರುಗಿ ನಿಂತಿತು. ಫ್ಯಾನು ನಿಂತರೆ ಫರ್ನೇಸೂ ನಿಂತಂತೆ.

ಎಚ್ಚರವಾದಾಗ ಮೂಗಿನ ತುದಿ ಮರಗಟ್ಟಿತ್ತು. ಮಗುವಿನ ಕೈ ಮುಟ್ಟಿದರೆ ತಣ್ಣಗೆ. ಅವರಿಬ್ಬರೂ ದಣಿದು ಮಲಗಿದ್ದಾರೆ, ಯಾಕೆ ಎಬ್ಬಿಸಲಿ ಎಂದು ಎರಡು ಒಲೆಯನ್ನೂ ಹಚ್ಚಿದೆ. ಬಿಸಿ ಹಿಡಿದುಕೊಳ್ಳಲಿ ಅಂತ ದೋಸೆಯ ದೊಡ್ಡ ಕಬ್ಬಿಣದ ಕಾವಲಿಯನ್ನೂ ಬರ್ನರಿನ ಮೇಲೆ ಕವುಚಿದೆ. ಗಾಳಿಕಿಂಡಿಗೆ ದಿಂಬು ಮೊದಲೇ ತುರುಕಿದ್ದೆ. ಹಾಯೆನಿಸಿತು, ಮಗುವಿನ ಪಕ್ಕದಲ್ಲೇ ಕಣ್ಣು ಹತ್ತಿತು.

ಎಬ್ಬಿಸಿದ್ದು ಕಿವಿ ಕಿತ್ತುಹೋಗುವಂಥ ಕೂಗು. ಗೋಡೆಯಲ್ಲಿದ್ದ ಕಾರ್ಬನ್ ಮೊನಾಕ್ಸೈಡಿನ ಅಲಾರಾಂ. ತಂಗಿಯ ಯಜಮಾನರು ಎದ್ದವರೇ ಒಲೆ ಆರಿಸಿ, ಬಾಗಿಲು ಹಾರುಹೊಡೆದು, ಮಗುವನ್ನು ತಮ್ಮ ಕೋಟಿನೊಳಗೆ ಸೇರಿಸಿಕೊಂಡು ಹೊರಗೆ ಓಡಿದರು. ತಂಗಿಯನ್ನು ಕೌದಿಯಲ್ಲಿ ಸುತ್ತಿ ನಾನು ಹಿಂದೆ. ನನಗೆ ತಲೆ ಸಿಡಿಯುತ್ತಿತ್ತು. ಗಾಡಿ ನಿಲ್ಲಿಸುವ ಆ ಜಾಗದಲ್ಲಿ ಎಲ್ಲರಿಗೂ ಸೇರಿದ ಬಟ್ಟೆ ಒಗೆಯುವ ಕೋಣೆಯೊಂದಿತ್ತು, ಬೆಚ್ಚಗಿತ್ತು. ಬೆಳಗಾಗುವ ತನಕ ಒಗೆಯುವ ಯಂತ್ರಗಳ ಮಧ್ಯೆ ಕುಳಿತೆವು. ಆಸ್ಪತ್ರೆಗೆ ಹೋಗಿ ತೋರಿಸಿದೆವು, ದೇವರ ದಯೆ, ಯಾರಿಗೂ ಏನೂ ಆಗಿರಲಿಲ್ಲ.

ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉರಿಗೆ ಸಾಕಷ್ಟು ಗಾಳಿ ಸಿಗದಿದ್ದರೆ, ಅಥವಾ ದೊಡ್ಡ ಪಾತ್ರೆ ಉರಿಯನ್ನು ಅದುಮಿದರೆ ಹುಟ್ಟುತ್ತದೆ. ರಕ್ತ ಆಮ್ಲಜನಕಕ್ಕಿಂತ ಇದನ್ನೇ 200 ಪಟ್ಟಿಗೂ ಮಿಗಿಲಾಗಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗುವುದಿಲ್ಲ. ಚಳಿಗಾಲದಲ್ಲಿ ಇದ್ದಿಲ ಒಲೆ ಇಟ್ಟುಕೊಂಡು ಮಲಗಿ ಮನೆಮಂದಿಯೆಲ್ಲ ಹೋದರು, ಗ್ಯಾಸ್ ಗೀಸರಿನ ಬಚ್ಚಲಲ್ಲಿ ಹುಡುಗಿ ಹೋದಳು ಅಂತ ನಾವು ಪೇಪರಿನಲ್ಲಿ ಓದುತ್ತೇವಲ್ಲ, ಅದೂ ಇದರಿಂದಲೇ.

ತಂಗಿಯ ಯಜಮಾನರು ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹೊಸ ಬ್ಯಾಟರಿ ತಂದು ಹಾಕಿದರು. ಕೆಟಲಿಗೆ ಒಂದು ಚೀಟಿ ಅಂಟಿಸಿದರು, ‘ಹೀಟರ್ ಆರಿಸಿದ ಮೇಲೆ’ ಅಂತ, ಕನ್ನಡದಲ್ಲಿ. ಕಿಂಡಿಯ ದಿಂಬನ್ನು ನಾನೇ ತೆಗೆದು ಒಂದು ಮೂಲೆ ಕತ್ತರಿಸಿ ಹೊಲಿದೆ. ರಬ್ಬರ್ ಚೀಲಕ್ಕೆ ಬಿಸಿನೀರು ತುಂಬಿ ತಂಗಿಯ ಕಾಲಬುಡಕ್ಕೆ ಇಡುವುದು, ಸ್ನಾನದ ಗೂಡನ್ನು ಮೊದಲೇ ಕಾಯಿಸಿಕೊಂಡು ಎಣ್ಣೆ ನೀರು ಹಾಕುವುದು, ಮೆಣಸು ಜೀರಿಗೆ ಸಾರು ಕುದಿಸುವಾಗ ಪಾತ್ರೆಗೆ ಮುಚ್ಚಳ ಮುಚ್ಚುವುದು, ಹೀಗೆ ಫೆಬ್ರವರಿಯವರೆಗೆ ಬಾಣಂತನ ನಡೆಯಿತು.

ಹೋದ ವರ್ಷ ನಮ್ಮ ನಾದಿನಿಯ ಮಗಳು ಬಾಣಂತನಕ್ಕೆ ಬಂದಳು. ಅತ್ತೆ ಎಂದಿನಂತೆ ಕೋಣೆ ಮುಚ್ಚಿ ಅಗ್ಗಿಷ್ಟಿಕೆ ಇಡಿಸಿದರು. ಸಾಂಬ್ರಾಣಿ ಹಾಕಿ ಆದೊಡನೆ ಕೆಂಡವನ್ನು ಹಿತ್ತಿಲಿಗೆ ಒಯ್ದಿಟ್ಟು, ಕಿಟಕಿಯನ್ನು ನಾಲ್ಕು ಬೆರಳು ತೆರೆದೆ. “ಅಮೆರಿಕ ನೋಡಿ ಬಂದವಳು, ಹಸೀ ಬಾಣಂತಿಗೆ ಗಾಳಿ ಹಾಕ್ತಾಳೆ” ಎಂದು ಅತ್ತೆ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದರು.